ನೋವು ಭುಜದ ಮುಂದೆ, ಮೂಲ ಬೆನ್ನ ಹಿಂದೆ: ಡ್ರೈ ನೀಡ್ಲಿಂಗ್ ಚಿಕಿತ್ಸೆಯ ಒಂದು ಪ್ರಕರಣ

46 ವರ್ಷದ ಮಹಿಳೆ. ದಿನದ ಬಹುಪಾಲು ಹೊತ್ತು ಕಂಪ್ಯೂಟರ್ ಮುಂದೆ ಕೂತು ಲೆಕ್ಕಪತ್ರ ನೋಡುವ ಕೆಲಸ. ಐದು ತಿಂಗಳಿಂದ ಬಲಭುಜದ ಮುಂಭಾಗದಲ್ಲಿ, ಕೀಲಿನ ಆಳದಲ್ಲಿ ನೋವು. ಅದು ತೋಳಿನ ಹೊರಮೈಯಲ್ಲಿ ಇಳಿದು ಒಮ್ಮೊಮ್ಮೆ ಹೆಬ್ಬೆರಳಿನ ಬುಡದವರೆಗೂ ಹೋಗುತ್ತಿತ್ತು. ಬೆನ್ನ ಹಿಂದೆ ಕೈ ಒಯ್ದು ಹುಕ್ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಬಲಮಗ್ಗುಲಲ್ಲಿ ಮಲಗಿದರೆ ನೋವು, ಎಡಮಗ್ಗುಲಿಗೆ ಹೊರಳಿದರೂ ನೋವು. ಕೂದಲು ಬಾಚುವುದನ್ನು ಎಡಗೈಗೆ ಕಲಿಸಿಕೊಂಡಿದ್ದರು.

ನನ್ನ ಬಳಿ ಬರುವ ಹೊತ್ತಿಗೆ ಅವರ ಕೈಲಿ ಕುತ್ತಿಗೆಯ ಎಂಆರ್‌ಐ ವರದಿ ಇತ್ತು. ಐದು ಮತ್ತು ಆರನೆಯ ಕಶೇರುಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಅದರಲ್ಲಿ ಬರೆದಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ಕುತ್ತಿಗೆಗೆ ಪಟ್ಟಿ, ಟ್ರ್ಯಾಕ್ಷನ್ (ಕುತ್ತಿಗೆಯನ್ನು ಎಳೆದು ಹಿಡಿಯುವುದು), ನೋವಿನ ಮಾತ್ರೆ, ನರದ ಮಾತ್ರೆ ಎಲ್ಲ ಆಗಿತ್ತು. ಮಾತ್ರೆ ತೆಗೆದುಕೊಂಡ ದಿನ ಸ್ವಲ್ಪ ಹಗುರ, ಬಿಟ್ಟ ದಿನ ಮತ್ತೆ ಅದೇ ಕಥೆ. "ನರ ಒತ್ತುತ್ತಿದೆಯಂತೆ ಡಾಕ್ಟ್ರೇ, ಆಪರೇಷನ್ ಆಗ್ಬೇಕಾಗುತ್ತಾ?" ಎಂಬುದೇ ಅವರ ಮೊದಲ ಪ್ರಶ್ನೆ. ನೋವಿಗಿಂತ ಆ ಭಯ ಅವರನ್ನು ಹೆಚ್ಚು ಕುಗ್ಗಿಸಿತ್ತು. ಕೈ ಎತ್ತಿದರೆ ನರ ಇನ್ನಷ್ಟು ಜಜ್ಜೀತು ಎಂದುಕೊಂಡು ಬಲಗೈಯನ್ನು ಎದೆಗೆ ಒತ್ತಿಕೊಂಡೇ ಓಡಾಡುತ್ತಿದ್ದರು.

ಈ ಪ್ರಕರಣವನ್ನು ಬರೆಯಲು ಕಾರಣವಿದೆ. ಡ್ರೈ ನೀಡ್ಲಿಂಗ್ ಎಂದರೆ ನೋಯುವ ಸ್ನಾಯುವಿನ ಬಿಗಿಗಂಟಿಗೆ ಔಷಧಿಯಿಲ್ಲದ ಬರೀ ಸೂಜಿ ಹಾಕುವುದು. ಅದರ ಬಗ್ಗೆ ಕೇಳಿಬರುವುದೆಲ್ಲ ಎರಡು ಬಗೆಯದು. ಒಂದು ಕಡೆ "ಒಂದೇ ಸೂಜಿಗೆ ನೋವು ಮಾಯ", ಇನ್ನೊಂದು ಕಡೆ "ಎಲ್ಲ ಬರೀ ನಂಬಿಕೆ". ನನ್ನ ಅನುಭವದಲ್ಲಿ ಸೂಜಿಗೆ ಒಂದು ಸಣ್ಣ, ನಿರ್ದಿಷ್ಟ ಕೆಲಸ ಕೊಟ್ಟರೆ ಅದನ್ನು ಚೆನ್ನಾಗಿ ಮಾಡುತ್ತದೆ. ಆ ಕೆಲಸ ಯಾವುದು, ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಈ ಮಹಿಳೆಯ ಭುಜದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೇಳಿದ್ದು ಮತ್ತು ಪರೀಕ್ಷಿಸಿದ್ದು

ನೋವು ಶುರುವಾದ ದಿನಗಳಲ್ಲಿ ಏನಾದರೂ ಆಗಿತ್ತೇ ಎಂದು ಕೇಳಿದಾಗ ಮೊದಲು ಇಲ್ಲ ಎಂದರು. ಬೇರೆ ವಿಷಯ ಮಾತಾಡುತ್ತಿರುವಾಗ ತಾವಾಗಿ ನೆನಪಿಸಿಕೊಂಡರು: ಮೆಟ್ಟಿಲು ಇಳಿಯುವಾಗ ಕಾಲು ಜಾರಿತ್ತು, ಬೀಳಲಿಲ್ಲ, ಹಿಂದಕ್ಕೆ ಕೈ ಚಾಚಿ ಕಂಬಿ ಹಿಡಿದುಕೊಂಡಿದ್ದರು. ಬಿದ್ದಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಬರುವ ಸಂಗತಿ ಎಂದು ಅವರಿಗೆ ಅನಿಸಿರಲೇ ಇಲ್ಲ. ಭುಜದ ಸ್ನಾಯುಗಳನ್ನು ಬಲ್ಲವರಿಗೆ ಈ ಒಂದು ಮಾತು ದೊಡ್ಡ ಸುಳಿವು. ದೇಹದ ಪೂರ್ತಿ ಭಾರ ಹಿಂದಕ್ಕೆ ಚಾಚಿದ ತೋಳಿನ ಮೇಲೆ ಒಮ್ಮೆಲೇ ಬಿದ್ದಾಗ ಅದನ್ನು ತಡೆಯುವ ಸ್ನಾಯುಗಳಲ್ಲಿ ಭುಜದ ಹಿಂಬದಿಯ ಇನ್ಫ್ರಾಸ್ಪೈನೇಟಸ್ ಮುಖ್ಯವಾದದ್ದು.

ಅದಕ್ಕೆ ಮುಂಚೆ ಬೇರೆ ಪ್ರಶ್ನೆಗಳನ್ನೂ ಕೇಳಲೇಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್, ನಡೆದಾಗ ಹೆಚ್ಚಾಗುವ ಎದೆಯ ಒತ್ತಡ, ಊಟದ ನಂತರ ಹೊಟ್ಟೆಯ ಬಲಭಾಗದ ನೋವು ಯಾವುದೂ ಇರಲಿಲ್ಲ. ಪಿತ್ತಕೋಶದ ತೊಂದರೆ ಬಲಭುಜದಲ್ಲಿ ನೋವಾಗಿ ಕಾಣಿಸಿಕೊಳ್ಳಬಲ್ಲದು. ಶ್ವಾಸಕೋಶದ ತುದಿಯ ಗೆಡ್ಡೆಯೂ ತೋಳಿನ ನೋವಿನ ವೇಷದಲ್ಲಿ ಬರಬಲ್ಲದು. ಸ್ನಾಯು ಎಂದು ಬೇಗ ನಿರ್ಧರಿಸಿ ಸೂಜಿ ಕೈಗೆತ್ತಿಕೊಳ್ಳುವವರ ಬಗ್ಗೆ ನನಗೆ ನಿಜವಾಗಿ ಆತಂಕವಾಗುವುದು ಇಲ್ಲೇ. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ.

ಕುತ್ತಿಗೆಯ ನರವೇ ತಪ್ಪಿತಸ್ಥನಾಗಿದ್ದರೆ ಅದು ಕೆಲವು ಗುರುತು ಬಿಡಬೇಕು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ನಂತರ ಫಿಸಿಯೋಥೆರಪಿಸ್ಟರು ನಾಲ್ಕು ಪರೀಕ್ಷೆಗಳನ್ನು ಒಟ್ಟಿಗೆ ನೋಡುವುದು ರೂಢಿಯಾಗಿದೆ. ಕುತ್ತಿಗೆಯನ್ನು ನೋವಿನ ಕಡೆ ವಾಲಿಸಿ ತಲೆಯ ಮೇಲಿನಿಂದ ಒತ್ತಿದರೆ ತೋಳಿಗೆ ನೋವು ಇಳಿಯುತ್ತದೆಯೇ, ತಲೆಯನ್ನು ಮೇಲಕ್ಕೆ ಎಳೆದು ಹಿಡಿದರೆ ನೋವು ಕಡಿಮೆಯಾಗುತ್ತದೆಯೇ, ತೋಳಿನ ನರವನ್ನು ಚಾಚಿಸುವ ಭಂಗಿಯಲ್ಲಿ ಅದೇ ನೋವು ಬರುತ್ತದೆಯೇ, ನೋವಿನ ಕಡೆಗೆ ಕುತ್ತಿಗೆ 60 ಡಿಗ್ರಿಗಿಂತ ಕಡಿಮೆ ತಿರುಗುತ್ತದೆಯೇ. ಇವರಲ್ಲಿ ನಾಲ್ಕೂ ಇಲ್ಲ. ಮೊಣಕೈ ಮಡಿಸುವ ಬಲ ಎರಡೂ ಕಡೆ ಸಮ, ರಿಫ್ಲೆಕ್ಸ್ ಸಮ, ಹತ್ತಿ ಮುಟ್ಟಿಸಿದರೆ ಸ್ಪರ್ಶವೂ ಸಮ.

ಹಾಗಾದರೆ ಎಂಆರ್‌ಐನಲ್ಲಿ ಕಂಡ ಡಿಸ್ಕ್? ಅದು ಸುಳ್ಳಲ್ಲ. ಆದರೆ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರ ಎಂಆರ್‌ಐ ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 87.6ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗೆ ಇತ್ತು. ಈ ಅಂಕಿಯನ್ನು ನಾನು ಅವರಿಗೆ ಹೇಳಿದಾಗ ಮುಖದ ಬಿಗುವು ಸಡಿಲವಾದದ್ದು ಕಂಡಿತು. ನೋವು ಇರುವವರಿಗೆ ಮಾತ್ರ ಚಿತ್ರ ತೆಗೆಯುವುದರಿಂದ, ಚಿತ್ರದಲ್ಲಿ ಕಂಡದ್ದೇ ನೋವಿನ ಕಾರಣ ಎಂದು ತೋರುವುದು ಸಹಜ. ಪರೀಕ್ಷೆಯೊಡನೆ ತಾಳೆಯಾಗದ ವರದಿಯನ್ನು ಪಕ್ಕಕ್ಕಿಡುವ ಧೈರ್ಯ ನಮಗಿರಬೇಕು.

ಮುಂದೆ ಭುಜದ ಕೀಲು. ಅವರು ಸಡಿಲವಾಗಿ ಬಿಟ್ಟಾಗ ನಾನೇ ತೋಳನ್ನು ಹೊರಕ್ಕೆ ತಿರುಗಿಸಿ ನೋಡಿದೆ, ಪೂರ್ತಿ ತಿರುಗಿತು. ಕೀಲೇ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಆಗಿದ್ದರೆ ಎಲ್ಲಕ್ಕಿಂತ ಮೊದಲು ಕೆಡುವುದು ಈ ತಿರುಗುವಿಕೆಯೇ. ಹೊರಕ್ಕೆ ತಿರುಗಿಸಿ ಬಿಟ್ಟ ತೋಳು ತಾನಾಗಿ ಒಳಕ್ಕೆ ಬೀಳಲಿಲ್ಲ, ಹಾಗಾಗಿ ಸ್ನಾಯು ದೊಡ್ಡದಾಗಿ ಹರಿದಿರುವ ಸಾಧ್ಯತೆಯೂ ಕಡಿಮೆ. ಹೊರತಿರುಗುವಿಕೆಗೆ ಅಡ್ಡಹಿಡಿದಾಗ ನೋವಿನಿಂದ ಸ್ವಲ್ಪ ಬಲ ಕಡಿಮೆ. ಬೆನ್ನ ಹಿಂದೆ ಬಲಗೈ ಪೃಷ್ಠದ ಮೇಲ್ಭಾಗಕ್ಕೆ ಬಂದು ನಿಂತಿತು. ಎಡಗೈ ಬೆನ್ನಿನ ನಡುವಿನವರೆಗೆ ಸರಾಗವಾಗಿ ಏರಿತು. ಹತ್ತರ ಅಳತೆಯಲ್ಲಿ ನೋವು ಎಷ್ಟು ಎಂದಾಗ ಸಾಮಾನ್ಯ ಹೊತ್ತಿನಲ್ಲಿ 4, ರಾತ್ರಿ 7 ಎಂದರು.

ಬೆರಳಿಗೆ ಸಿಕ್ಕಿದ್ದು

ಬೆನ್ನಿನ ಮೇಲ್ಭಾಗದಲ್ಲಿ ಭುಜದ ಹಿಂದೆ ತ್ರಿಕೋನಾಕಾರದ ಅಗಲವಾದ ಮೂಳೆ ಇದೆ, ಸ್ಕ್ಯಾಪುಲಾ. ಅದರ ಹಿಂಬದಿಯಲ್ಲಿ ಅಡ್ಡಕ್ಕೆ ಒಂದು ಏಣು. ಆ ಏಣಿನ ಕೆಳಗಿನ ಜಾಗವನ್ನು ತುಂಬಿಕೊಂಡಿರುವ ಸ್ನಾಯುವೇ ಇನ್ಫ್ರಾಸ್ಪೈನೇಟಸ್. ಅಲ್ಲಿಂದ ಹೊರಟು ತೋಳಿನ ಮೂಳೆಯ ತಲೆಗೆ ಅಂಟಿಕೊಳ್ಳುತ್ತದೆ. ತೋಳನ್ನು ಹೊರಕ್ಕೆ ತಿರುಗಿಸುವುದು, ತೋಳು ಎತ್ತುವಾಗ ಮೂಳೆಯ ತಲೆಯನ್ನು ಗುಳಿಯಲ್ಲಿ ನೇರ ಕೂರಿಸುವುದು ಇದರ ಕೆಲಸ.

ಅವರನ್ನು ಎಡಮಗ್ಗುಲಲ್ಲಿ ಮಲಗಿಸಿ, ಎದೆಯ ಮುಂದೆ ದಿಂಬಿಟ್ಟು ಅದರ ಮೇಲೆ ಬಲಗೈ ಇರಿಸಿದೆ. ಏಣಿನ ಕೆಳಗೆ ಎರಡು ಬೆರಳಗಲದಷ್ಟು ಇಳಿದು, ಸ್ನಾಯುವಿನ ಎಳೆಗಳಿಗೆ ಅಡ್ಡಲಾಗಿ ಬೆರಳಾಡಿಸುತ್ತ ಹೋದರೆ ಒಳಅಂಚಿನ ಹತ್ತಿರ ಮೆತ್ತಗೆ, ನಡುವಿನಲ್ಲಿ ಒಂದು ಬಿಗಿಯಾದ ಎಳೆ ಬೆರಳಿನಡಿ ಉರುಳಿತು. ಅದರಗುಂಟ ಸರಿದು ಒಂದು ಜಾಗದಲ್ಲಿ ಒತ್ತಿ ಹಿಡಿದೆ. ಮೂರು-ನಾಲ್ಕು ಕ್ಷಣ ಏನೂ ಇಲ್ಲ. ಆಮೇಲೆ ಅವರು ಎಡಗೈಯಲ್ಲಿ ಬಲಭುಜದ ಮುಂಭಾಗ ಹಿಡಿದುಕೊಂಡು "ಇದೇ, ಇದೇ ನೋವು. ನೀವು ಹಿಂದೆ ಒತ್ತುತ್ತಿದ್ದೀರಿ, ನೋವು ಮುಂದೆ ಬರ್ತಿದೆಯಲ್ಲ!" ಎಂದರು.

ಒತ್ತಿದರೆ ಎಲ್ಲರಿಗೂ ಎಲ್ಲಾದರೂ ನೋಯುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ರೋಗಿ ದಿನವೂ ಅನುಭವಿಸುವ, ಗುರುತು ಹಿಡಿಯಬಲ್ಲ ನೋವೇ ಅಲ್ಲಿ ಎದ್ದುಬಂದರೆ ಮಾತ್ರ ನಾನು ಆ ಗಂಟನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಎಡಭುಜದಲ್ಲೂ ಅದೇ ಜಾಗ ಒತ್ತಿ ನೋಡಿದೆ. ಅಲ್ಲಿ ನೋವಿತ್ತು, ಆದರೆ ಒತ್ತಿದಲ್ಲೇ ಉಳಿಯಿತು, ಎಲ್ಲೂ ಹರಿಯಲಿಲ್ಲ.

ಸ್ನಾಯುವಿನ ನೋವು ಹೀಗೆ ದೂರಕ್ಕೆ ಹರಿಯುವುದು ಹೊಸ ಸಂಗತಿಯಲ್ಲ. 1938ರಲ್ಲಿ ಬ್ರಿಟನ್ನಿನ ವೈದ್ಯ ಜೋನಾಸ್ ಕೆಲ್‌ಗ್ರೆನ್ ಸ್ವಯಂಸೇವಕರ ಸ್ನಾಯುಗಳಿಗೆ ಗಾಢ ಉಪ್ಪುನೀರು ಚುಚ್ಚಿ, ನೋವು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಗುರುತಿಸಿದ್ದರು. ಆಮೇಲೆ ಅಮೆರಿಕದ ವೈದ್ಯೆ ಜ್ಯಾನೆಟ್ ಟ್ರಾವೆಲ್ ಈ ಬಿಗಿಗಂಟುಗಳಿಗೆ ಟ್ರಿಗರ್ ಪಾಯಿಂಟ್ ಎಂಬ ಹೆಸರು ಬಳಕೆಗೆ ತಂದರು. ಅಧ್ಯಕ್ಷ ಕೆನಡಿಯ ಬೆನ್ನುನೋವಿಗೆ ಚಿಕಿತ್ಸೆ ನೀಡಿ ಅವರ ಖಾಸಗಿ ವೈದ್ಯೆಯಾಗಿದ್ದವರು ಇವರೇ. ಡೇವಿಡ್ ಸೈಮನ್ಸ್ ಜೊತೆಗೂಡಿ 1983ರಲ್ಲಿ ಅವರು ಹೊರತಂದ ಕೈಪಿಡಿಯಲ್ಲಿ ಸ್ನಾಯು ಸ್ನಾಯುವಿಗೂ ನೋವಿನ ನಕ್ಷೆ ಇದೆ. ಇನ್ಫ್ರಾಸ್ಪೈನೇಟಸ್‌ನ ನಕ್ಷೆ ನೋಡಿದರೆ ಈ ಮಹಿಳೆಯ ದೂರಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ: ಭುಜದ ಮುಂಭಾಗ, ಕೀಲಿನ ಆಳ, ತೋಳಿನ ಹೊರಮೈ, ಹೆಬ್ಬೆರಳಿನ ಕಡೆ. ಎರಡೂ ಮಗ್ಗುಲಲ್ಲಿ ನಿದ್ದೆ ಬರದಿರುವುದಕ್ಕೂ ಅರ್ಥ ಸಿಗುತ್ತದೆ. ನೋವಿನ ಕಡೆ ಮಲಗಿದರೆ ಗಂಟಿನ ಮೇಲೆ ಭಾರ. ಇನ್ನೊಂದು ಕಡೆ ಮಲಗಿದರೆ ತೋಳು ಮುಂದಕ್ಕೆ ಜೋತು ಅದೇ ಸ್ನಾಯು ಎಳೆಯಲ್ಪಡುತ್ತದೆ. ಇನ್ನೊಂದು ಸಂಗತಿ, ಈ ಸ್ನಾಯುವಿಗೆ ಬರುವ ನರ ಹೊರಡುವುದು ಕುತ್ತಿಗೆಯ ಐದು ಮತ್ತು ಆರನೆಯ ನರಮೂಲಗಳಿಂದ. ಹಾಗಾಗಿ ಆ ಮಟ್ಟದ ಡಿಸ್ಕ್‌ಗೂ ಈ ಸ್ನಾಯುವಿಗೂ ನೋವಿನ ಹಾದಿ ಹೆಚ್ಚುಕಡಿಮೆ ಒಂದೇ. ಮೊದಲು ನೋಡಿದವರು ಕುತ್ತಿಗೆಯನ್ನು ಅನುಮಾನಿಸಿದ್ದು ಸಕಾರಣವೇ.

ಮೊದಲ ದಿನ ಸೂಜಿ ಹಾಕಲಿಲ್ಲ. ಕುತ್ತಿಗೆ ಪಟ್ಟಿ ತೆಗೆಸಿದೆ. ಮೌಸನ್ನು ಮೇಜಿನ ತುದಿಯಿಂದ ದೇಹದ ಹತ್ತಿರಕ್ಕೆ ತರಲು ಹೇಳಿದೆ, ಮೊಣಕೈ ಪಕ್ಕೆಗೆ ತಾಗುವಂತೆ. ರಾತ್ರಿ ಎಡಮಗ್ಗುಲಲ್ಲಿ ಮಲಗಿ ದಿಂಬನ್ನು ತಬ್ಬಿಕೊಳ್ಳಲು, ಮತ್ತು ಗೋಡೆಗೆ ಮುಂಗೈಯ ಹೊರಬದಿ ಒತ್ತಿ ಹಿಡಿಯುವ ಒಂದು ವ್ಯಾಯಾಮ ಮಾಡಲು ಹೇಳಿ ಕಳಿಸಿದೆ. ಒಂದು ವಾರದ ನಂತರ ಬಂದಾಗ ನಿದ್ದೆ ಸ್ವಲ್ಪ ಸುಧಾರಿಸಿತ್ತು. ವ್ಯಾಯಾಮ ಮಾತ್ರ ಆಗಿರಲಿಲ್ಲ. ಒತ್ತಲು ಶುರುಮಾಡಿದ ಕೂಡಲೇ ನೋವು 6ಕ್ಕೆ ಏರುತ್ತಿತ್ತು, ಅವರು ನಿಲ್ಲಿಸಿಬಿಡುತ್ತಿದ್ದರು. ಸೂಜಿಯ ವಿಷಯ ನಾನು ತೆಗೆದದ್ದು ಆಗ. ಸ್ನಾಯುವಿಗೆ ಕೆಲಸ ಕೊಡಬೇಕು. ನೋವು ಕೆಲಸ ಮಾಡಲು ಬಿಡುತ್ತಿಲ್ಲ. ಕೆಲವು ದಿನಗಳ ಮಟ್ಟಿಗಾದರೂ ಆ ನೋವು ತಗ್ಗಿದರೆ ವ್ಯಾಯಾಮ ಸಾಗುತ್ತದೆ. ಸೂಜಿಯಿಂದ ನಾನು ಬಯಸಿದ್ದು ಇಷ್ಟನ್ನೇ.

ಸೂಜಿಗೆ ಮುಂಚಿನ ಮಾತು

ಡ್ರೈ ನೀಡ್ಲಿಂಗ್‌ನಲ್ಲಿ ಬಳಸುವ ಸೂಜಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ಗಟ್ಟಿ ತಂತಿ. ದಪ್ಪ ಸಾಮಾನ್ಯವಾಗಿ 0.25ರಿಂದ 0.30 ಮಿಲಿಮೀಟರ್. ಔಷಧಿ ಏನೂ ಒಳಗೆ ಹೋಗುವುದಿಲ್ಲ. ನೋಡಲು ಅಕ್ಯುಪಂಕ್ಚರ್ ಸೂಜಿಯೇ. ಆದರೆ ಅಲ್ಲಿ ಜಾಗ ಆರಿಸುವುದು ಚೀನೀ ವೈದ್ಯದ ನಾಡಿಮಾರ್ಗಗಳ ಲೆಕ್ಕದಲ್ಲಿ, ಇಲ್ಲಿ ಸ್ನಾಯುವಿನ ರಚನೆ ಮತ್ತು ಬೆರಳಿಗೆ ಸಿಕ್ಕ ಗಂಟಿನ ಲೆಕ್ಕದಲ್ಲಿ.

ಔಷಧಿಯಿಲ್ಲದ ಸೂಜಿಗೂ ಫಲವಿದೆ ಎಂದು ಗಮನ ಸೆಳೆದವರು ಜೆಕ್ ವೈದ್ಯ ಕಾರೆಲ್ ಲೆವಿಟ್. 1979ರಲ್ಲಿ ಅವರು 241 ರೋಗಿಗಳ 312 ನೋವಿನ ಜಾಗಗಳಿಗೆ ಬರೀ ಸೂಜಿ ಹಾಕಿ, ಶೇ. 86.8ರಷ್ಟು ಸಲ ತಕ್ಷಣ ನೋವು ಇಳಿಯಿತೆಂದು ವರದಿ ಮಾಡಿದರು. ಹೋಲಿಸಿ ನೋಡಲು ಸೂಜಿ ಹಾಕದ ಗುಂಪು ಇಲ್ಲದ ಕಾರಣ ಆ ಅಂಕಿಯನ್ನು ಇಂದಿನ ಪುರಾವೆಯಂತೆ ಓದಬಾರದು. 1994ರಲ್ಲಿ ಹಾಂಗ್ ಎಂಬ ಸಂಶೋಧಕರು ಕುತ್ತಿಗೆ-ಹೆಗಲಿನ ಟ್ರೆಪೀಜಿಯಸ್ ಸ್ನಾಯುವಿನಲ್ಲಿ ಮರಗಟ್ಟಿಸುವ ಔಷಧಿಯಾದ ಲಿಡೋಕೇನ್ ಇಂಜೆಕ್ಷನ್ ಮತ್ತು ಬರೀ ಸೂಜಿಯನ್ನು ಹೋಲಿಸಿದರು. ಸೂಜಿ ತಾಗಿ ಸ್ನಾಯು ತಾನಾಗಿ ಒಮ್ಮೆ ಅದುರಿದಾಗ ಎರಡರ ಫಲವೂ ಹತ್ತಿರಹತ್ತಿರ ಒಂದೇ. ಆದರೆ ನಂತರದ ನೋವು ಬರೀ ಸೂಜಿ ಹಾಕಿಸಿಕೊಂಡ ಎಲ್ಲರಿಗೂ ಬಂದಿತ್ತು, ಲಿಡೋಕೇನ್ ಗುಂಪಿನಲ್ಲಿ ಶೇ. 42 ಜನರಿಗೆ.

ಈ ನಂತರದ ನೋವಿನ ಬಗ್ಗೆ ಮೊದಲೇ ಹೇಳದಿದ್ದರೆ ರೋಗಿ ಹೆದರುತ್ತಾರೆ. ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ, ಅಭ್ಯಾಸವಿಲ್ಲದ ದುಡಿಮೆ ಮಾಡಿದಾಗಿನ ಮೈನೋವಿನ ಬಗೆಯದು ಇರುತ್ತದೆ ಎಂದು ಹೇಳಿದೆ. 2014ರ ಒಂದು ಸಮೀಕ್ಷೆಯಲ್ಲಿ ಫಿಸಿಯೋಥೆರಪಿಸ್ಟರು ಕೊಟ್ಟ 7,629 ಚಿಕಿತ್ಸೆಗಳನ್ನು ದಾಖಲಿಸಲಾಗಿತ್ತು. ಸುಮಾರು ಶೇ. 19ರಷ್ಟರಲ್ಲಿ ಸಣ್ಣ ತೊಂದರೆ: ಕಂದುಗಟ್ಟುವುದು, ಒಂದೆರಡು ಹನಿ ರಕ್ತ, ನೋವು. ಗಂಭೀರವಾದದ್ದು ಆ ಪಟ್ಟಿಯಲ್ಲಿ ಇರಲಿಲ್ಲ.

ಹಾಗೆಂದು ಗಂಭೀರವಾದದ್ದು ಆಗುವುದೇ ಇಲ್ಲ ಎಂದಲ್ಲ, ಮತ್ತು ಭುಜ-ಎದೆಯ ಭಾಗದಲ್ಲಿ ಇದನ್ನು ಮುಚ್ಚಿಡುವುದು ಅನ್ಯಾಯ. ಸೂಜಿ ಪಕ್ಕೆಲುಬುಗಳ ನಡುವೆ ನುಸುಳಿ ಶ್ವಾಸಕೋಶದ ಪೊರೆಯನ್ನು ಚುಚ್ಚಿದರೆ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡು ಶ್ವಾಸಕೋಶ ಕುಸಿಯಬಹುದು. ಅಪರೂಪ, ಆದರೆ ಆದ ಪ್ರಕರಣಗಳು ದಾಖಲಾಗಿವೆ. ಆದ್ದರಿಂದ ಅವರಿಗೆ ಸ್ಪಷ್ಟವಾಗಿ ಹೇಳಿದೆ: ಸೂಜಿಯಾದ ಮೇಲೆ, ಮನೆಗೆ ಹೋದ ಮೇಲೂ, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾದರೆ, ಏದುಸಿರು ಬಂದರೆ, ಒಣಕೆಮ್ಮು ಶುರುವಾದರೆ ಕಾಯಬೇಡಿ, ನೇರ ತುರ್ತುಚಿಕಿತ್ಸೆಗೆ ಹೋಗಿ, ಸೂಜಿ ಹಾಕಿಸಿಕೊಂಡದ್ದನ್ನು ಅಲ್ಲಿ ಹೇಳಿ. ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಳೆ ಹೇಳ್ತೀನಿ" ಎಂದು ಎದ್ದುಹೋದರು. ಮಾರನೆಯ ದಿನ ಬಂದು ಒಪ್ಪಿಗೆಗೆ ಸಹಿ ಹಾಕಿದರು. ಹೀಗೆ ಯೋಚಿಸಲು ಸಮಯ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಗೌರವ. ಆತುರಪಡಿಸುವ ಅಗತ್ಯವಿರುವ ಚಿಕಿತ್ಸೆ ಇದಲ್ಲ.

ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಚರ್ಮದಲ್ಲಿ ಸೋಂಕಿದ್ದರೆ, ಕಂಕುಳಿನ ಗ್ರಂಥಿ ತೆಗೆದು ತೋಳು ಬಾವು ಬಂದಿದ್ದರೆ, ಗರ್ಭಿಣಿಯಾಗಿದ್ದರೆ, ಸೂಜಿ ಎಂದರೆ ತೀರಾ ಭಯವಿದ್ದರೆ ನಿರ್ಧಾರ ಬೇರೆಯಾಗಬೇಕು. ಇವರಿಗೆ ಯಾವುದೂ ಅನ್ವಯಿಸಲಿಲ್ಲ.

ಸೂಜಿ ಹಾಕಿದ್ದು

ಬೋರಲು ಮಲಗಿಸಿದೆ. ಕೂರಿಸಿ ಹಾಕಿದರೆ ತಲೆಸುತ್ತು ಬಂದು ಬೀಳುವವರಿದ್ದಾರೆ. ಕೈ ತೊಳೆದು, ಗ್ಲೌಸ್ ಹಾಕಿ, ಚರ್ಮ ಒರೆಸಿ, ಮೊದಲು ಸ್ಕ್ಯಾಪುಲಾದ ಒಳಅಂಚು, ಹೊರಅಂಚು, ಏಣು, ಕೆಳತುದಿ ನಾಲ್ಕನ್ನೂ ಬೆರಳಿಂದ ಗುರುತಿಸಿಕೊಂಡೆ. ಈ ಸ್ನಾಯುವಿಗೆ ಸೂಜಿ ಹಾಕುವಾಗ ಕಾಪಾಡುವುದು ಅದರ ಕೆಳಗಿರುವ ಮೂಳೆ. ಸೂಜಿ ನೇರ ಇಳಿದರೆ ಮೂಳೆಗೆ ತಾಗಿ ನಿಲ್ಲುತ್ತದೆ. ಅಂಚು ತಪ್ಪಿದರೆ ಅಲ್ಲಿರುವುದು ಪಕ್ಕೆಲುಬು, ಅದರಾಚೆ ಶ್ವಾಸಕೋಶ. ಹಾಗಾಗಿ ಎಡಗೈಯ ಎರಡು ಬೆರಳು ಗಂಟಿನ ಎರಡೂ ಪಕ್ಕ ಒತ್ತಿ ಕೂತ ಮೇಲೆ ಸೂಜಿ ಹೊರತೆಗೆಯುವವರೆಗೆ ಅಲ್ಲಿಂದ ಕದಲುವಂತಿಲ್ಲ.

0.30 ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದದ ಸೂಜಿ. ಪ್ಯಾಕೆಟ್ ಅವರೆದುರೇ ಹರಿದೆ. ಪ್ಲಾಸ್ಟಿಕ್ ಕೊಳವೆಯನ್ನು ಚರ್ಮಕ್ಕೆ ಒತ್ತಿಟ್ಟು ಸೂಜಿಯ ತಲೆಗೆ ತಟ್ಟಿದಾಗ "ಹಾಕಿದ್ರಾ?" ಎಂದು ಕೇಳಿದರು; ಚರ್ಮ ದಾಟುವುದು ಹೆಚ್ಚಿನವರಿಗೆ ಗೊತ್ತಾಗುವುದೇ ಇಲ್ಲ. ಕೊಳವೆ ತೆಗೆದು ನಿಧಾನ ಇಳಿಸಿದೆ. ಕೊಬ್ಬಿನ ಪದರದಲ್ಲಿ ಸೂಜಿ ತಡೆಯಿಲ್ಲದೆ ಹೋಗುತ್ತದೆ, ಸ್ನಾಯುವಿನ ಹೊದಿಕೆಗೆ ತಾಗಿದಾಗ ಸಣ್ಣ ತಡೆ, ಬಿಗಿ ಎಳೆಯೊಳಗೆ ಹೊಕ್ಕಾಗ ಸೂಜಿಯನ್ನು ಯಾರೋ ಹಿಡಿದುಕೊಂಡ ಅನುಭವ ಬೆರಳಿಗೆ ಬರುತ್ತದೆ. ಸ್ವಲ್ಪ ಹಿಂದೆಗೆದು ದಿಕ್ಕು ತುಸು ಬದಲಿಸಿ ಮತ್ತೆ ಇಳಿಸಿದೆ. ಆಗ ಸ್ನಾಯು ಕಣ್ಣುರೆಪ್ಪೆ ಹೊಡೆದುಕೊಂಡಂತೆ ಒಮ್ಮೆ ಅದುರಿತು, ನನ್ನ ಎಡಬೆರಳುಗಳಡಿ ಸ್ಪಷ್ಟವಾಗಿ. ಅವರು "ಅಯ್ಯೋ" ಎಂದು ಉಸಿರು ಹಿಡಿದರು. ನೋವು ಹೆಬ್ಬೆರಳಿನವರೆಗೆ ಓಡಿತು ಎಂದರು. ಸೂಜಿಯನ್ನು ಹಾಗೇ ಬಿಟ್ಟು ಉಸಿರಾಡಲು ಹೇಳಿದೆ. ಇನ್ನೆರಡು ಸಲ ಅದುರಿತು, ಪ್ರತಿ ಸಲ ಮೊದಲಿಗಿಂತ ಕಡಿಮೆ. ಅಲ್ಲಿಗೆ ನಿಲ್ಲಿಸಿದೆ. ಸೂಜಿ ತೆಗೆದು, ಹತ್ತಿಯಿಂದ ಒತ್ತಿ ಹಿಡಿದು, ಸೂಜಿಯನ್ನು ಗಟ್ಟಿ ಡಬ್ಬಿಗೆ ಹಾಕಿದೆ. ಒಂದು ಸೂಜಿ ಒಬ್ಬರಿಗೆ ಒಂದೇ ಸಲ.

ಎದ್ದು ಕೂತ ಮೇಲೆ ಬೆನ್ನ ಹಿಂದೆ ಕೈ ಒಯ್ಯಲು ಹೇಳಿದೆ. ಸೊಂಟದ ಮೇಲಿನ ಮಟ್ಟ ತಲುಪಿತು. ಅವರು ನಂಬದೆ ಎರಡು ಸಲ ಮಾಡಿ ನೋಡಿದರು. ಅದೇ ನಿಮಿಷ ಗೋಡೆಗೆ ಮುಂಗೈ ಒತ್ತುವ ವ್ಯಾಯಾಮ ಮಾಡಿಸಿದೆ. ನೋವು 3. ಹಿಂದಿನ ವಾರ ಅವರಿಗೆ ಮಾಡಲಾಗದಿದ್ದ ವ್ಯಾಯಾಮ ಅದು. ಮನೆಗೆ ಕಳಿಸುವ ಮುನ್ನ ಅದನ್ನು ದಿನಕ್ಕೆ ಎರಡು ಹೊತ್ತು ಮಾಡಲು ಹೇಳಿದೆ: 30 ಸೆಕೆಂಡು ಒತ್ತಿ ಹಿಡಿಯುವುದು, ಐದು ಸಲ.

ಆ ರಾತ್ರಿ ಮತ್ತು ಮರುದಿನ ಬೆನ್ನಿನಲ್ಲಿ ನೋವಿತ್ತು, ಕೈ ಎತ್ತಲು ಭಾರ ಎನಿಸಿತಂತೆ. ಮೂರನೆಯ ದಿನಕ್ಕೆ ಅದು ಹೋಯಿತು. ಭುಜದ ಮುಂಭಾಗದ ಹಳೆಯ ನೋವು ಅರ್ಧದಷ್ಟು ಇಳಿದಿತ್ತು.

ಒಳಗೆ ನಡೆಯುವುದೇನು

ಇದಕ್ಕೆ ಒಮ್ಮತದ ಉತ್ತರವಿಲ್ಲ, ಮತ್ತು ಇದೆ ಎಂಬಂತೆ ರೋಗಿಗೆ ಹೇಳುವುದು ನನಗೆ ಸರಿ ಎನಿಸುವುದಿಲ್ಲ. ಸೈಮನ್ಸ್ ಮತ್ತಿತರರ ವಿವರಣೆಯ ಪ್ರಕಾರ ನರ ಸ್ನಾಯುವಿಗೆ ಕೂಡುವ ಜಾಗದಲ್ಲಿ ಅಸಿಟೈಲ್‌ಕೋಲಿನ್ (ಸಂಕುಚಿಸಲು ಸ್ನಾಯುವಿಗೆ ಸೂಚನೆ ಕೊಡುವ ರಾಸಾಯನಿಕ) ಅತಿಯಾಗಿ ಸುರಿದು, ಕೆಲವು ಎಳೆಗಳು ಸಂಕುಚಿಸಿದಂತೆಯೇ ಉಳಿಯುತ್ತವೆ. ಅಲ್ಲಿಗೆ ರಕ್ತ ಕಡಿಮೆಯಾಗಿ, ನೋವುಂಟುಮಾಡುವ ರಾಸಾಯನಿಕಗಳು ಶೇಖರವಾಗುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೇ ಶಾ ಮತ್ತು ಸಂಗಡಿಗರು 2005ರಲ್ಲಿ ಅತಿಸೂಕ್ಷ್ಮ ಸೂಜಿಯಿಂದ ಗಂಟಿನೊಳಗಿನ ದ್ರವ ಸೆಳೆದು ಪರೀಕ್ಷಿಸಿದಾಗ ಸಬ್‌ಸ್ಟೆನ್ಸ್ ಪಿ, ಬ್ರ್ಯಾಡಿಕೈನಿನ್‌ನಂಥ ವಸ್ತುಗಳು ನೋವಿರುವ ಗಂಟಿನಲ್ಲಿ ಹೆಚ್ಚಿದ್ದವು, ಆಮ್ಲೀಯತೆಯೂ ಹೆಚ್ಚಿತ್ತು. ಸೂಜಿ ತಾಗಿ ಸ್ನಾಯು ಅದುರಿದ ಮೇಲೆ ಅವುಗಳಲ್ಲಿ ಕೆಲವುದರ ಮಟ್ಟ ಇಳಿದದ್ದೂ ಕಂಡಿತು. ಪರೀಕ್ಷೆಗೆ ಒಳಪಟ್ಟವರು ಬೆರಳೆಣಿಕೆಯಷ್ಟು ಜನ.

ವಿರೋಧಿಸುವವರ ವಾದಕ್ಕೂ ತೂಕವಿದೆ. ಕ್ವಿಂಟ್ನರ್, ಬೋವ್ ಮತ್ತು ಕೋಹೆನ್ 2015ರಲ್ಲಿ ಟ್ರಿಗರ್ ಪಾಯಿಂಟ್ ಎಂಬ ಕಲ್ಪನೆಯನ್ನೇ ಪ್ರಶ್ನಿಸಿದರು. ಒಂದೇ ರೋಗಿಯನ್ನು ಇಬ್ಬರು ಪರಿಣತರು ಮುಟ್ಟಿ ನೋಡಿದರೆ ಗಂಟು ಒಂದೇ ಜಾಗದಲ್ಲಿದೆ ಎಂದು ಒಪ್ಪುವುದು ಕಷ್ಟ. ನೋವಿನ ಮೂಲ ಸ್ನಾಯುವಿನಲ್ಲೇ ಇದೆಯೋ ಅಥವಾ ನರವ್ಯೂಹ ಅತಿಸೂಕ್ಷ್ಮವಾಗಿ ಆ ಜಾಗ ನೋಯುತ್ತಿದೆಯೋ ಬಿಡಿಸಿ ಹೇಳುವುದು ಇನ್ನೂ ಕಷ್ಟ. ಸೂಜಿಯ ಫಲ ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸಂದೇಶ ತಗ್ಗುವುದರಿಂದಲೂ ಬರಬಹುದು, ನಿರೀಕ್ಷೆಯಿಂದಲೂ ಬರಬಹುದು. ಈ ಮಹಿಳೆಯ ವಿಷಯದಲ್ಲಿ, ಡಿಸ್ಕ್‌ನ ಭಯ ಕಳೆದದ್ದೇ ಎಷ್ಟು ನೋವನ್ನು ಇಳಿಸಿತೋ ಬೇರ್ಪಡಿಸಿ ಹೇಳಲಾಗದು. ಒಂದೇ ಪ್ರಕರಣದಿಂದ ಅದನ್ನು ತಿಳಿಯಲು ಸಾಧ್ಯವೂ ಇಲ್ಲ.

ಎರಡನೆಯ, ಮೂರನೆಯ ಸಲ

ಒಂದು ವಾರದ ನಂತರ ಎರಡನೆಯ ಸಲ ಹಾಕಿದೆ. ಅದೇ ಸ್ನಾಯುವಿನಲ್ಲಿ ಮೊದಲ ಗಂಟಿನ ಕೆಳಗೆ ಇನ್ನೊಂದು. ಅದುರುವಿಕೆ ಬಂತು, ಕೈ ಇನ್ನಷ್ಟು ಮೇಲೇರಿತು, ರಾತ್ರಿಯ ನೋವು 3ಕ್ಕೆ ಇಳಿಯಿತು. ಬಲಮಗ್ಗುಲಲ್ಲಿ ಸ್ವಲ್ಪ ಹೊತ್ತು ಮಲಗಲು ಆಯಿತು ಎಂದರು.

ಮೂರನೆಯ ಸಲ ಹೆಚ್ಚೇನೂ ಆಗಲಿಲ್ಲ. ಬಿಗಿ ಎಳೆ ಬೆರಳಿಗೆ ಅಸ್ಪಷ್ಟ, ಸೂಜಿಗೆ ಹಿಡಿತ ಸಿಗಲಿಲ್ಲ, ಅದುರುವಿಕೆಯೂ ಇಲ್ಲ. ಆಮೇಲೆ ಕೈಯ ಚಲನೆಯಲ್ಲಿ ವ್ಯತ್ಯಾಸವೂ ಇರಲಿಲ್ಲ. ಅದುರಲೇಬೇಕು ಎಂಬ ಹಟಕ್ಕೆ ಸೂಜಿಯನ್ನು ಹತ್ತಾರು ಸಲ ಮೇಲೆಕೆಳಗೆ ಆಡಿಸುವವರಿದ್ದಾರೆ. ಅದರಿಂದ ಸ್ನಾಯುವಿಗೆ ಗಾಯ, ರೋಗಿಗೆ ನೋವು. ಅದುರುವಿಕೆ ಅತ್ಯಗತ್ಯವೇ ಎಂಬ ಬಗ್ಗೆಯೂ ಹಾಂಗ್ ನಂತರದ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ನಾನು ಅಲ್ಲಿಗೆ ಸೂಜಿ ನಿಲ್ಲಿಸಿದೆ. ಅವರು ಒಪ್ಪಲಿಲ್ಲ. "ಎರಡು ಸಲಕ್ಕೆ ಇಷ್ಟು ಕಡಿಮೆ ಆಯ್ತಲ್ಲ, ಇನ್ನೂ ನಾಲ್ಕು ಸಲ ಹಾಕಿಬಿಡಿ" ಎಂದರು. ಈಗ ಆ ಸ್ನಾಯುವಿಗೆ ಬೇಕಿರುವುದು ಬಲ, ಅದನ್ನು ಸೂಜಿ ಕೊಡಲಾರದು ಎಂದು ವಿವರಿಸಲು ಆ ದಿನದ ಬಹುಪಾಲು ಸಮಯ ಹೋಯಿತು. ಹೊರತಿರುಗುವಿಕೆಯ ಬಲವನ್ನು ಎರಡೂ ಕಡೆ ಅಳೆದು ತೋರಿಸಿದೆ. ನೋವು ಬಹಳ ಕಡಿಮೆಯಾಗಿದ್ದರೂ ಬಲಭುಜ ಎಡಕ್ಕಿಂತ ಸ್ಪಷ್ಟವಾಗಿ ದುರ್ಬಲ. ಅದು ಕಣ್ಣಿಗೆ ಕಂಡ ಮೇಲೆ ಒಪ್ಪಿದರು.

ಗೋಡೆಯ ವ್ಯಾಯಾಮದಿಂದ ಎಡಮಗ್ಗುಲಲ್ಲಿ ಮಲಗಿ ಮೊಣಕೈ ಪಕ್ಕೆಗೆ ಒತ್ತಿ ಮುಂಗೈಯನ್ನು ಮೇಲಕ್ಕೆತ್ತುವುದಕ್ಕೆ ಹೋದೆವು. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ 2004ರ ಒಂದು ಇಎಂಜಿ ಅಧ್ಯಯನದಲ್ಲಿ ಹೋಲಿಸಿದ ಹಲವು ವ್ಯಾಯಾಮಗಳ ಪೈಕಿ ಇನ್ಫ್ರಾಸ್ಪೈನೇಟಸ್ ಅತಿ ಹೆಚ್ಚು ಕೆಲಸ ಮಾಡಿದ್ದು ಇದರಲ್ಲೇ. ಮೊದಲು ಬರಿಗೈ, ಆಮೇಲೆ 1 ಕೆ.ಜಿ., ಕೊನೆಗೆ 2 ಕೆ.ಜಿ. ಜೊತೆಗೆ ರಬ್ಬರ್ ಪಟ್ಟಿ ಎಳೆದು ಸ್ಕ್ಯಾಪುಲಾಗಳನ್ನು ಹಿಂದಕ್ಕೆ ತರುವುದು. ವ್ಯಾಯಾಮದ ವೇಳೆ ನೋವು 3 ದಾಟದಿದ್ದರೆ, ಮರುದಿನ ಬೆಳಿಗ್ಗೆ ಹಳೆಯ ಮಟ್ಟಕ್ಕೆ ಬಂದಿದ್ದರೆ ಭಾರ ಏರಿಸಬಹುದು ಎಂಬ ಒಂದೇ ನಿಯಮ ಕೊಟ್ಟೆ.

ನಡುವೆ ಒಮ್ಮೆ ಹಿನ್ನಡೆಯಾಯಿತು. ವರ್ಷಾಂತ್ಯದ ಲೆಕ್ಕ ಮುಗಿಸುವ ಒತ್ತಡದಲ್ಲಿ ತಡರಾತ್ರಿಯವರೆಗೆ ಕೂತದ್ದರಿಂದ ನೋವು ಮತ್ತೆ 5ಕ್ಕೆ ಏರಿತು. ಗಾಬರಿಯಲ್ಲಿ ಫೋನ್ ಮಾಡಿದರು. ಬರಲು ಹೇಳಿ ಪರೀಕ್ಷಿಸಿದೆ, ಹೊಸದೇನೂ ಇರಲಿಲ್ಲ. ಭಾರ ಅರ್ಧಕ್ಕೆ ಇಳಿಸಿ, ಅರ್ಧ ಗಂಟೆಗೊಮ್ಮೆ ಎದ್ದು ಕೈ ಆಡಿಸಲು ಹೇಳಿದೆ. ಸೂಜಿ ಹಾಕಲಿಲ್ಲ. ಎಂಟು-ಹತ್ತು ದಿನದಲ್ಲಿ ತಾನಾಗಿ ಇಳಿಯಿತು. ನನ್ನ ಲೆಕ್ಕದಲ್ಲಿ ಇಡೀ ಚಿಕಿತ್ಸೆಯ ಮುಖ್ಯ ಘಟ್ಟ ಇದೇ, ಏಕೆಂದರೆ ನೋವು ಏರಿದಾಗ ಇನ್ನೊಬ್ಬರ ಕೈ ಬೇಕಾಗದೆ ಇಳಿಸಿಕೊಳ್ಳಬಹುದು ಎಂಬುದು ಅವರಿಗೆ ಸ್ವಂತ ಅನುಭವದಿಂದ ತಿಳಿಯಿತು.

ಮೂರು ತಿಂಗಳ ಕೊನೆಗೆ ಬೆನ್ನ ಹಿಂದೆ ಬಲಗೈ ಎಡಗೈಗಿಂತ ಎರಡು ಬೆರಳಷ್ಟು ಕೆಳಗೆ. ಬಲ ಹೆಚ್ಚುಕಡಿಮೆ ಸಮ. ರಾತ್ರಿ ನೋವಿಲ್ಲ. ಭಾರದ ಚೀಲವನ್ನು ಬಲಭುಜಕ್ಕೆ ಬಹಳ ಹೊತ್ತು ತೂಗುಹಾಕಿದರೆ ಹಿಂಭಾಗದಲ್ಲಿ ಸಣ್ಣ ಸೆಳೆತ ಉಳಿದಿದೆ.

ಇದರಲ್ಲಿ ಸೂಜಿಯ ಪಾಲೆಷ್ಟು? 2017ರಲ್ಲಿ ಪ್ರಕಟವಾದ, ಫಿಸಿಯೋಥೆರಪಿಸ್ಟರು ಮಾಡಿದ ಡ್ರೈ ನೀಡ್ಲಿಂಗ್ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳುವುದು: ಚಿಕಿತ್ಸೆಯೇ ಇಲ್ಲದಿರುವುದಕ್ಕಿಂತ ಅಥವಾ ಹುಸಿ ಸೂಜಿಗಿಂತ ಇದು ತಕ್ಷಣದಿಂದ 12 ವಾರಗಳವರೆಗೆ ನೋವನ್ನು ಹೆಚ್ಚು ಇಳಿಸುತ್ತದೆ, ಪುರಾವೆಯ ಗುಣಮಟ್ಟ ಕಡಿಮೆಯಿಂದ ಮಧ್ಯಮ, ದೈನಂದಿನ ಕೆಲಸಕ್ಕೆ ಅನುಕೂಲವಾಗುವುದರಲ್ಲಿ ಬೇರೆ ಫಿಸಿಯೋಥೆರಪಿ ಚಿಕಿತ್ಸೆಗಳಿಗಿಂತ ಮೇಲು ಎಂದು ಕಾಣಲಿಲ್ಲ. ಈ ಪ್ರಕರಣದ ನಡೆ ಅದಕ್ಕೆ ಹೊಂದುತ್ತದೆ. ಮೊದಲ ಎರಡು ವಾರ ಸೂಜಿ ನೋವನ್ನು ತಗ್ಗಿಸಿ ವ್ಯಾಯಾಮಕ್ಕೆ ಅವಕಾಶ ಮಾಡಿತು. ಸೂಜಿ ಬೇಡವೆಂದಿದ್ದರೂ ಬೆರಳಿನ ಒತ್ತಡ, ಇನ್ನಷ್ಟು ಹಗುರವಾದ ವ್ಯಾಯಾಮ, ಸ್ವಲ್ಪ ಹೆಚ್ಚು ಕಾಲ ಹಿಡಿದು ಅವರು ಇದೇ ಜಾಗಕ್ಕೆ ತಲುಪುತ್ತಿದ್ದರು ಎಂಬುದು ನನ್ನ ಅಂದಾಜು. ಸೂಜಿಗೆ ಹೆದರುವ ರೋಗಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಕೊನೆಯ ಭೇಟಿಯಲ್ಲಿ ಅವರು ಕೇಳಿದ್ದು, ಮತ್ತೆ ನೋವು ಬಂದರೆ ಸೂಜಿಗೆ ಬರಬೇಕೇ ಎಂದು. ಎರಡು ವಾರ ಭಾರ ಇಳಿಸಿ ಅದೇ ವ್ಯಾಯಾಮ ಮಾಡಿ, ಮೌಸ್ ಎಲ್ಲಿದೆ ನೋಡಿಕೊಳ್ಳಿ, ಆಗಲೂ ಇಳಿಯದಿದ್ದರೆ ಬನ್ನಿ ಎಂದೆ. ಕೈಯಲ್ಲಿ ಜೋಮು ಹಿಡಿದರೆ, ಹಿಡಿದ ವಸ್ತು ಜಾರತೊಡಗಿದರೆ, ರಾತ್ರಿ ನೋವು ಯಾವ ಮಗ್ಗುಲಿಗೂ ಬಗ್ಗದೆ ಏರುತ್ತ ಹೋದರೆ ಎರಡು ವಾರ ಕಾಯಬೇಡಿ, ಆಗ ಕುತ್ತಿಗೆಯನ್ನೂ ಮತ್ತೆ ಮೊದಲಿಂದ ಪರೀಕ್ಷಿಸಬೇಕಾಗುತ್ತದೆ ಎಂದು ಹೇಳಿ, ಎರಡನ್ನೂ ಅವರ ಕಡತದಲ್ಲಿ ಬರೆದುಕೊಟ್ಟೆ.